ಬಟವಾಡೆ ಹಣಕ್ಕೆ ದಾಖಲೆ, ಪಕ್ಷದ ಹಣಕ್ಕಿಲ್ಲ ಮಿತಿ

1978ರ ನವೆಂಬರ್‌ನಲ್ಲಿ ನಡೆದ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ಮಲೆನಾಡಿನ ಹಿರಿಯರ ಮಾತಿನಲ್ಲಿ ಇಂದಿಗೂ ಬಂದುಹೋಗುತ್ತದೆ. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿ ಅವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸುಮಾರು 77 ಸಾವಿರ ಮತಗಳಿಂದ ಸೋಲಿಸಿದರು. ಆಗ ದೆಹಲಿಯಲ್ಲಿ ಜನತಾ ಸರ್ಕಾರ, ಬೆಂಗಳೂರಿನಲ್ಲಿ ದೇವರಾಜ ಅರಸು ಅವರ ಸರ್ಕಾರ. ಸೆಣಸಿದ ಎರಡೂ ಪಕ್ಷಗಳ ಕೈಯಲ್ಲಿ ಅಧಿಕಾರವಿತ್ತು. ಆಳುವ ಪಕ್ಷ ಸರ್ಕಾರಿ ವಾಹನ, ಪ್ರವಾಸಿ ಮಂದಿರ, ಬೊಕ್ಕಸವನ್ನು ಪ್ರಚಾರಕ್ಕೆ ಬಳಸಬಾರದೆಂಬ ಅಧ್ಯಾಯ ಮಾದರಿ ನೀತಿ ಸಂಹಿತೆಗೆ ಸೇರಿದ್ದು ಮರುವರ್ಷ, 1979ರಲ್ಲಿ.

ಸಂಹಿತೆಯ ಮೂಲ 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿದೆ. ಸಭೆ, ಮೆರವಣಿಗೆ, ಘೋಷಣೆಗಳು ಹೊಡೆದಾಟಕ್ಕೆ ತಿರುಗದಂತೆ ಪಕ್ಷಗಳು ಒಪ್ಪಿಕೊಂಡ ಕಟ್ಟುಪಾಡು ಅದು. ಒಂದು ಪಕ್ಷದ ಸಭೆ ನಡೆಯುವ ಜಾಗದ ಮುಂದೆ ಇನ್ನೊಂದರ ಮೆರವಣಿಗೆ ಹಾಯಬಾರದು ಎಂಬಂಥ ಸರಳ ನಿಯಮಗಳೇ ಎಷ್ಟೋ ಜಗಳ ತಪ್ಪಿಸಿವೆ. 1990ರ ದಶಕದಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಅದರ ಬಿಸಿಯನ್ನು ಪಕ್ಷಗಳಿಗೆ ಮುಟ್ಟಿಸಿದರು. ಆದರೂ ಅದು ಕಾಯ್ದೆಯಲ್ಲ. ಸಂಹಿತೆ ಮುರಿದ ಪಕ್ಷದ ಮಾನ್ಯತೆ ಅಮಾನತು ಮಾಡುವ ಅಧಿಕಾರ 1994ರಲ್ಲಿ ಚುನಾವಣಾ ಚಿಹ್ನೆಗಳ ಆದೇಶದೊಳಗೆ ಬಂದರೂ ಚುನಾವಣಾ ಆಯೋಗ ಅದನ್ನು ಬಳಸುವುದು ತೀರಾ ವಿರಳ.

ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಪ್ರಸ್ತಾಪ ಬಂದದ್ದೇ 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯಿಂದ. 1989ರಲ್ಲಿ ಜಾರಿಗೆ ಬಂದ, ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪಕ್ಷಗಳ ನೋಂದಣಿಗೆ ದಾರಿ ಮಾಡಿತು; ಸಂವಿಧಾನಕ್ಕೆ ನಿಷ್ಠೆ ತೋರುವ ವಾಗ್ದಾನವನ್ನೂ ಕೇಳಿತು. ವಾಗ್ದಾನ ಮುರಿದರೆ? ಕೆಲವು ವಿಶೇಷ ಸಂದರ್ಭಗಳ ಹೊರತು ನೋಂದಣಿ ರದ್ದುಪಡಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನಾನು ನಂಬುತ್ತೇನೆ.

ಹಣದ ವಿಚಾರದಲ್ಲಂತೂ ಜನರಿಗೊಂದು, ಪಕ್ಷಗಳಿಗೊಂದು ಎಂಬ ತಾರತಮ್ಯ ಕಣ್ಣಿಗೆ ರಾಚುತ್ತದೆ. ಚುನಾವಣೆ ಘೋಷಣೆಯಾದರೆ ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದಂಥ ಕಡೆಗಳಲ್ಲಿ ಚೆಕ್‌ಪೋಸ್ಟ್ ಏಳುತ್ತದೆ. ತೋಟದ ಆಳುಗಳ ಬಟವಾಡೆಗೆಂದು ಬ್ಯಾಂಕಿನಿಂದ 50 ಸಾವಿರ ರೂಪಾಯಿಗಿಂತ ಹೆಚ್ಚು ನಗದು ತರುವ ಸಣ್ಣ ಬೆಳೆಗಾರ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಹಣ ತೆಗೆದ ಚೀಟಿ ತೋರಿಸಬೇಕು. ಲೋಕಸಭಾ ಅಭ್ಯರ್ಥಿಗೂ 95 ಲಕ್ಷ ರೂಪಾಯಿಯ ಮಿತಿ ಇದೆ. ಅವನ ಪಕ್ಷಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ವೆಚ್ಚವೂ ಅವನ ಲೆಕ್ಕಕ್ಕೇ ಸೇರಬೇಕು ಎಂದಿತ್ತು. ಅದೇ ವರ್ಷ ಸುಗ್ರೀವಾಜ್ಞೆ ತಂದು ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು. 2003ರಲ್ಲಿ ಕಾಯ್ದೆಯ ತಿದ್ದುಪಡಿಯಿಂದ ಈ ಕಿಂಡಿ ಕಿರಿದಾಯಿತು. ಆದರೂ ಪಕ್ಷದ ಸಾಮಾನ್ಯ ಪ್ರಚಾರಕ್ಕೆ ಮಿತಿ ಬರಲಿಲ್ಲ. ದೇಣಿಗೆದಾರರ ಹೆಸರು ಮುಚ್ಚಿಟ್ಟ ಚುನಾವಣಾ ಬಾಂಡ್ 2024ರ ಫೆಬ್ರುವರಿಯಲ್ಲಿ ರದ್ದಾಯಿತು, ಅದೂ ನ್ಯಾಯಾಲಯದಿಂದ.

ಕಾನೂನಿನ ಹಿಡಿತ ಯಾರ ಮೇಲೆ ಎಂಬುದನ್ನು ಹಾಸನವೂ ಕಂಡಿದೆ. 2019ರಲ್ಲಿ ಅಲ್ಲಿಂದ ಗೆದ್ದ ಸಂಸದರ ಆಯ್ಕೆಯನ್ನು ಆಸ್ತಿ ವಿವರ ಮುಚ್ಚಿಟ್ಟ ಕಾರಣಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅಸಿಂಧುಗೊಳಿಸಿತು. ಬಳಿಕ ಸುಪ್ರೀಂ ಕೋರ್ಟ್ ತಡೆ ನೀಡಿತು. ಅಭ್ಯರ್ಥಿಯ ಪ್ರಮಾಣಪತ್ರವನ್ನು ಹೀಗೆ ಒರೆಗೆ ಹಚ್ಚಬಹುದು. ಟಿಕೆಟ್ ಕೊಟ್ಟ ಪಕ್ಷವನ್ನು ಪ್ರಶ್ನಿಸುವ ಕಲಂ ಇಲ್ಲ.

ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವವನ್ನು ಕಡ್ಡಾಯಗೊಳಿಸಿ, ಲೆಕ್ಕ ಒಪ್ಪಿಸದವರಿಗೆ ದಂಡ ಹಾಕಿ ಎಂದು ಕಾನೂನು ಆಯೋಗ 2015ರಲ್ಲೇ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿದೆ. 2025ರ ಆಗಸ್ಟ್‌ನಲ್ಲಿ ಚುನಾವಣಾ ಆಯೋಗ 334 ಪಕ್ಷಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ದ್ವೇಷ ಬಿತ್ತಿದ್ದಕ್ಕಲ್ಲ, ಹಣ ಹಂಚಿದ್ದಕ್ಕೂ ಅಲ್ಲ; ಆರು ವರ್ಷಗಳಿಂದ ಒಂದು ಚುನಾವಣೆಗೂ ನಿಲ್ಲದಿದ್ದುದಕ್ಕೆ.