ಹಾಸಿಗೆಯಿಂದ ಬಚ್ಚಲಿಗೆ ಹತ್ತು ಹೆಜ್ಜೆ

ರಾತ್ರಿ ಎರಡೂವರೆಗೆ ಅಮ್ಮನಿಗೆ ಎಚ್ಚರವಾಗಿದೆ. ನಮ್ಮ ನಿದ್ದೆ ಕೆಡಬಾರದೆಂದು ದೀಪ ಹಾಕದೆ, ಗೋಡೆ ತಡವುತ್ತಾ ಬಚ್ಚಲಿಗೆ ಹೊರಟಿದ್ದಾರೆ. ಹೊಸ್ತಿಲ ಹತ್ತಿರ ಕಣ್ಣು ಕತ್ತಲಿಟ್ಟು ಬಿದ್ದರು. "ಕಾಲು ಜಾರಿತು" ಎಂದೇ ಎಲ್ಲರಿಗೂ ಹೇಳಿದೆವು. ಕಾಲಿಗಿಂತ ಮೊದಲೇ ರಕ್ತದೊತ್ತಡ ಜಾರಿತ್ತು ಎಂದು ತಿಳಿದದ್ದು ಆಮೇಲೆ.

ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಸಂವೇದಕಗಳು ಇದನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಹರೆಯದಲ್ಲಿ ಇದೆಲ್ಲ ಗೊತ್ತೇ ಆಗುವುದಿಲ್ಲ. ವಯಸ್ಸಾದಂತೆ ಈ ಪ್ರತಿಕ್ರಿಯೆ ಮಂದವಾಗುತ್ತದೆ. ಹಳೆಯ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ಸೇರಿದರೆ ಇನ್ನೂ ಕಷ್ಟ. ನಿಂತ 3 ನಿಮಿಷದೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10 ಅಂಕ ಇಳಿದರೆ ಎಚ್ಚರ ವಹಿಸಬೇಕು. ಕುರ್ಚಿಯಲ್ಲಿ ಕೂರಿಸಿ ನೋಡಿದ ಬಿಪಿಯಲ್ಲಿ ಇದು ಸಿಗುವುದಿಲ್ಲ. ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿ ಎಂದು ನಾವೇ ಕೇಳಬೇಕು.

ಅನುಭವಿ ನರ್ಸ್ ಒಬ್ಬರು ಅಮ್ಮನನ್ನು ಎಬ್ಬಿಸಿದ ರೀತಿ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಮಗ್ಗುಲಾಗಿಸಿದರು. ಕಾಲು ಇಳಿಬಿಟ್ಟು ಕೂರಿಸಿ ಪಾದಗಳನ್ನು ಮೇಲೆ ಕೆಳಗೆ ಆಡಿಸಲು ಹೇಳಿದರು. ಮೀನಖಂಡ ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ಒತ್ತಲ್ಪಡುತ್ತದೆ. "ತಲೆ ತಿರುಗ್ತಿದೆಯಾ ಅಮ್ಮಾ?" ಎರಡು ನಿಮಿಷ ಮಾತಾಡಿಸಿ, ನಿಲ್ಲಿಸಿ, ಮಂಚ ಹಿಡಿಸಿ, ಆಮೇಲೆ ನಡೆಸಿದರು. ರಟ್ಟೆ ಹಿಡಿದು ಎಳೆಯಲೇ ಇಲ್ಲ.

ಮಂಚದ ಕಟಕಟೆ ಏರಿಸಿದರೆ ಸಾಕೆಂದು ನಾನು ನಂಬಿದ್ದೆ. ಗೊಂದಲದಲ್ಲಿರುವ ರೋಗಿ ಅದನ್ನೇ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳಬಹುದು ಎಂದವರೂ ಅವರೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಬದುಕುಳಿದವರನ್ನು ಭಯ ಕಾಡುತ್ತದೆ. "ಕೂತಲ್ಲೇ ಕೂತಿರಿ" ಎಂದು ಪ್ರೀತಿಯಿಂದಲೇ ಹೇಳುತ್ತೇವೆ, ತೊಡೆಯ ಸ್ನಾಯು ಕರಗುತ್ತದೆ, ಮತ್ತೆ ಬೀಳುವ ದಿನ ಹತ್ತಿರವಾಗುತ್ತದೆ. ನ್ಯೂಜಿಲೆಂಡಿನ ಒಟಾಗೊದಲ್ಲಿ ರೂಪುಗೊಂಡ ಮನೆ ವ್ಯಾಯಾಮ ಪದ್ಧತಿ ಕಾಲಿನ ಬಲ, ಸಮತೋಲನ ಎರಡನ್ನೂ ಬೆಳೆಸಿ ಬೀಳುವುದನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿದೆ. ಅದರಲ್ಲಿ ಕುರ್ಚಿಯಿಂದ ಎದ್ದು ಕೂರುವಂಥ ಸರಳ ಅಭ್ಯಾಸಗಳೇ ಇವೆ. ವೈದ್ಯರನ್ನು ಕೇಳಿಯೇ ಅಮ್ಮನಿಗೂ ಶುರುಮಾಡಿಸಿದೆವು.

ಬಚ್ಚಲಿಗೆ ಹಿಡಿಕೆ, ದಾರಿಯುದ್ದಕ್ಕೂ ಸಣ್ಣ ದೀಪ ಬಂದವು. ಒರೆಸುವ ಬಟ್ಟೆ, ಕಾಲೊರಸು ದಾರಿಯಿಂದ ಹೋದವು. ಕಷ್ಟವಾದದ್ದು ಅಮ್ಮನ ಸಂಕೋಚ ಬಿಡಿಸುವುದು. ತಲೆದಿಂಬಿನ ಪಕ್ಕ ದೇವರ ಮನೆಯ ಗಂಟೆ ಇಟ್ಟೆ. ಮೊದಲ ವಾರ ಅವರು ಅದನ್ನು ಮುಟ್ಟಲಿಲ್ಲ. ಎಂಟನೇ ರಾತ್ರಿ, ತೀರಾ ಮೆಲ್ಲಗೆ, ಒಂದು ಸಲ ಬಾರಿಸಿದರು.