ಕೌಂಟ್ ಬೇಸಿ ಬ್ಯಾಂಡ್: ನಾಲ್ಕು ಏಟಿನ ಲೆಕ್ಕ

ಅಮೆರಿಕದ ಜಾಝ್ ತಂಡನಾಯಕ ಬೆನ್ನಿ ಮೋಟನ್ 1935ರಲ್ಲಿ ತೀರಿಕೊಂಡ ಮೇಲೆ, ಅವರ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದ ಕೌಂಟ್ ಬೇಸಿ ಕಾನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಒಂಬತ್ತು ಜನರನ್ನು ಕಟ್ಟಿಕೊಂಡರು. ಆ ಕ್ಲಬ್ಬಿನ ರೇಡಿಯೊ ಪ್ರಸಾರ ಷಿಕಾಗೊದಲ್ಲಿದ್ದ ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಕಿವಿಗೆ ಬಿತ್ತು. 1936ರ ಕೊನೆಗೆ ತಂಡ ನ್ಯೂಯಾರ್ಕ್ ಸೇರಿತು. ಡೆಕ್ಕಾ ರೆಕಾರ್ಡ್ ಕಂಪನಿಯ ಜೊತೆಗಿನ ಕರಾರು ಮಾತ್ರ ಕೈಸುಟ್ಟಿತು: 24 ಧ್ವನಿಮುದ್ರಣಕ್ಕೆ 750 ಡಾಲರ್, ರಾಯಲ್ಟಿ ಸೊನ್ನೆ.

ನಮಗೆ ಮುಖ್ಯವಾದದ್ದು ರಿದಮ್ ವಿಭಾಗ, ಅಂದರೆ ಲಯ ಹಿಡಿಯುವ ಪಿಯಾನೊ, ಗಿಟಾರ್, ಬಾಸ್, ಡ್ರಮ್. 1937ರಲ್ಲಿ ಗಿಟಾರಿಗೆ ಫ್ರೆಡ್ಡಿ ಗ್ರೀನ್ ಬಂದಾಗ ಅದು ತುಂಬಿತು. ವಾಲ್ಟರ್ ಪೇಜ್ ಬಾಸಿನಲ್ಲಿ ಬಾರಿಗೆ (ಬಾರ್ ಅಂದರೆ ನಾಲ್ಕು ಏಟಿನ ಒಂದು ಘಟಕ) ನಾಲ್ಕು ಸ್ವರ ನಡೆಸಿದರು. ಜೋ ಜೋನ್ಸ್ ಲಯವನ್ನು ಬಾಸ್ ಡ್ರಮ್ಮಿನಿಂದ ಹೈ-ಹ್ಯಾಟಿಗೆ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳಕ್ಕೆ) ಸಾಗಿಸಿದರು. ಗ್ರೀನ್‌ದು ಆಂಪ್ಲಿಫೈಯರ್ ಇಲ್ಲದ ಗಿಟಾರ್, ಏಟಿಗೊಂದು ಮೀಟು. ಲಯದ ಹೊರೆ ಮೂವರು ಹೊತ್ತ ಮೇಲೆ ಬೇಸಿಯ ಎಡಗೈಗೆ ಬಿಡುವು. ಬಲಗೈ ಎರಡು ಸ್ವರ ಚಿಮುಕಿಸಿ ಸುಮ್ಮನಾದರೂ ನಡೆಯಿತು.

‘ಒನ್ ಓಕ್ಲಾಕ್ ಜಂಪ್’ (ಜುಲೈ 1937) ಎಣಿಸುತ್ತ ಕೇಳಿ. ಇದು 12 ಬಾರಿನ ಬ್ಲೂಸ್, ಅಂದರೆ ಸುತ್ತಿಗೆ 48 ಎಣಿಕೆ. ಎಫ್ ಶ್ರುತಿಯಲ್ಲಿ ಪಿಯಾನೊ; ಡಿ-ಫ್ಲ್ಯಾಟಿಗೆ ಜಾರಿದಾಗ ಹರ್ಷೆಲ್ ಇವಾನ್ಸ್ ಟೆನರ್ ಸ್ಯಾಕ್ಸೊಫೋನ್ ಎತ್ತಿಕೊಳ್ಳುತ್ತಾರೆ. ಕೊನೆಯ ಸುತ್ತುಗಳಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಪುಟ್ಟ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ), ಒಂದರ ಮೇಲೊಂದು. ಇಂಥವು ಕಾಗದದಲ್ಲಿ ಹುಟ್ಟಿದವಲ್ಲ, ನುಡಿಸುತ್ತ ನುಡಿಸುತ್ತ ಬಾಯಿಪಾಠವಾದವು.

ಎಡವುವುದು ಎಲ್ಲಿ? ಆದಿತಾಳಕ್ಕೆ ಒಗ್ಗಿದ ಕೈ ಸಮಕ್ಕೆ, ಅಂದರೆ ಮೊದಲ ಏಟಿಗೆ, ತೂಕ ಹಾಕುತ್ತದೆ. ಇಲ್ಲಿ ಹೈ-ಹ್ಯಾಟ್ ಮುಚ್ಚಿಕೊಳ್ಳುವುದು 2 ಮತ್ತು 4ಕ್ಕೆ, ಚಪ್ಪಾಳೆಯೂ ಅಲ್ಲಿಗೇ. ವೇಗ ನಿಮಿಷಕ್ಕೆ 160 ಏಟು ಬೇಕಿದ್ದರೆ, ಏಟು ಎಣಿಸಿಕೊಡುವ ಮೆಟ್ರೊನೋಮ್ ಯಂತ್ರವನ್ನು 80ಕ್ಕೆ ಇಟ್ಟು, ಆ ಟಿಕ್ಕನ್ನೇ 2-4 ಎಂದುಕೊಳ್ಳಿ. ಮೊದಲು ತಲೆ ತಿರುಗುತ್ತದೆ, ಬಿಡಬೇಡಿ. ಗಿಟಾರಿನವರು ಆರೂ ತಂತಿ ಬಾರಿಸಿದರೆ ದಪ್ಪ ತಂತಿಗಳು ಬಾಸಿನ ಜಾಗಕ್ಕೆ ನುಗ್ಗಿ ಎಲ್ಲ ಕಲಸಿಹೋಗುತ್ತದೆ. ನಡುವಿನ ತಂತಿಗಳಲ್ಲಿ ಒಂದೆರಡು ಸ್ವರ ಸಾಕು. ಮೀಟಿದ ತಕ್ಷಣ ಎಡಗೈ ಬೆರಳು ಸಡಿಲಿಸಿದರೆ ನಾದ ಚಿಕ್ಕದಾಗಿ ತುಂಡಾಗುತ್ತದೆ.

1950ರಲ್ಲಿ ದೊಡ್ಡ ಬ್ಯಾಂಡ್ ಮುಚ್ಚಿತು, 1952ರಲ್ಲಿ ಮತ್ತೆ ಎದ್ದಿತು. ಈ ಎರಡನೆಯದು ಬರಹದ ಬ್ಯಾಂಡ್. ನೀಲ್ ಹೆಫ್ಟಿಯಂಥವರ ಸಂಯೋಜನೆಗಳೇ ಅದರ ಬೆನ್ನೆಲುಬು. ಬೇಸಿ 1984ರಲ್ಲಿ ತೀರಿಕೊಂಡರೂ ತಂಡ ಈಗಲೂ ನುಡಿಸುತ್ತಿದೆ. ಹೆಫ್ಟಿಯ ‘ಲಿಲ್ ಡಾರ್ಲಿನ್’ ಇಂದಿಗೂ ವಿದ್ಯಾರ್ಥಿ ತಂಡಗಳ ಅಗ್ನಿಪರೀಕ್ಷೆ. ಹೆಫ್ಟಿ ಬರೆದದ್ದು ಚುರುಕು ನಡೆಗೆ, ನಿಧಾನಕ್ಕೆ ಇಳಿಸಿದ್ದು ಬೇಸಿ. ಸ್ವರಗಳ ನಡುವಿನ ಖಾಲಿಯಲ್ಲಿ ಎಲ್ಲರೂ ಓಡಿಬಿಡುತ್ತಾರೆ. ಅಲ್ಲಿ ಪ್ರತಿ ಏಟನ್ನೂ ಮನಸ್ಸಿನಲ್ಲೇ ‘ತಕಿಟ’ ಎಂದು ಮೂರಾಗಿ ಒಡೆದುಕೊಂಡರೆ ನಡೆ ತಪ್ಪುವುದಿಲ್ಲ.