ಎಕ್ಸೆಲ್ ಫೈಲ್ ಎಳೆದಾಡ್ತಿದೆ, ಹೊಸ ಕಂಪ್ಯೂಟರ್ ತಗೋಬೇಕಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಗಾಡಿ ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್ ವ್ಯಾಪಾರ. ಬಿಲ್ಲಿಂಗ್ ಟ್ಯಾಲಿಯಲ್ಲಿ ಆಗುತ್ತೆ. ಸ್ಟಾಕ್, ರೇಟು, ಬಾಕಿ ಲೆಕ್ಕ ಮಾತ್ರ ಒಂದು ದೊಡ್ಡ ಎಕ್ಸೆಲ್ ಫೈಲ್‌ನಲ್ಲಿದೆ. ಸುಮಾರು 40,000 ಸಾಲು. ಒಂದು ನಂಬರ್ ಹಾಕಿ ಎಂಟರ್ ಒತ್ತಿದರೆ ಕೆಳಗೆ ಪರ್ಸೆಂಟ್ ಓಡೋಕೆ ಶುರು, ಅರ್ಧ ನಿಮಿಷ ಕೈ ಕಟ್ಟಿ ಕೂರಬೇಕು. ಕಂಪ್ಯೂಟರ್ ಅಂಗಡಿಯವರು ಒಂದೂ ಕಾಲು ಲಕ್ಷದ ಮಷಿನ್ ತಗೊಳ್ಳಿ ಅಂತಾರೆ. ಮಗ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಕಂಪ್ಯೂಟರ್, ಬಾಡಿಗೆಗೆ ತಗೊಳ್ಳೋಣ ಅಂತಾನೆ. ಯಾವುದು ಕಡಿಮೆ ಖರ್ಚಿನಲ್ಲಿ ಆಗುತ್ತೆ ಸರ್?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಒಂದು ಭಾನುವಾರ ಆ ಫೈಲ್ ಮುಂದೆ ಕೂತುಕೊಳ್ಳಿ. ಆಮೇಲೂ ನಿಧಾನ ಅನ್ನಿಸಿದರೆ ದುಡ್ಡು ಹಾಕುವ ಮಾತು.

40,000 ಸಾಲು ಎಕ್ಸೆಲ್‌ಗೆ ದೊಡ್ಡದೇನಲ್ಲ. 2007ರಿಂದ ಈಚೆಗೆ ಒಂದು ಶೀಟ್‌ನಲ್ಲಿ 10,48,576 ಸಾಲು ಹಿಡಿಯುತ್ತೆ. ನಿಮ್ಮ ಫೈಲ್ ಅದರ ನಾಲ್ಕು ಪರ್ಸೆಂಟ್ ಕೂಡ ಇಲ್ಲ. ಹಾಗಿದ್ದೂ ಅರ್ಧ ನಿಮಿಷ ಬೇಕಾಗುತ್ತೆ ಅಂದರೆ ಒಳಗೆ ಒಂದೇ ಲೆಕ್ಕವನ್ನು ಎಷ್ಟೋ ಸಲ ಮಾಡಿಸ್ತಾ ಇದ್ದೀರಿ ಅಂತ ಅರ್ಥ. ಅದು ಎಲ್ಲಿ ಅಂತ ಹುಡುಕಬೇಕು, ಅಷ್ಟೇ.

ಹುಡುಕೋದು ಹೇಗೆ? ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ಫೈಲ್‌ನ ಒಂದು ಕಾಪಿ ಮಾಡಿಕೊಳ್ಳಿ, ಒರಿಜಿನಲ್ ಮುಟ್ಟಬೇಡಿ. ಕಾಪಿ ತೆರೆದು ಕಂಟ್ರೋಲ್, ಆಲ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿ. ಎಕ್ಸೆಲ್ ಎಲ್ಲ ಲೆಕ್ಕವನ್ನೂ ಮೊದಲಿನಿಂದ ಮಾಡುತ್ತೆ. ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ. ಆಮೇಲೆ ಅನುಮಾನ ಇರುವ ಒಂದು ಕಾಲಂ ಕಾಪಿ ಮಾಡಿ, ಅಲ್ಲೇ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಅಂತ ಹಾಕಿ. ಫಾರ್ಮುಲಾ ಹೋಗಿ ಬರೀ ನಂಬರ್ ಉಳಿಯುತ್ತೆ. ಮತ್ತೆ ಅದೇ ಮೂರು ಕೀ ಒತ್ತಿ. 30 ಸೆಕೆಂಡ್ ಇದ್ದದ್ದು 12ಕ್ಕೆ ಇಳಿದರೆ ಆ ಒಂದು ಕಾಲಂ 18 ಸೆಕೆಂಡ್ ತಿಂತಾ ಇತ್ತು. ಹೀಗೆ ಒಂದೊಂದೇ ಕಾಲಂ ನೋಡ್ತಾ ಹೋಗಿ. ಸಾಮಾನ್ಯವಾಗಿ ಎರಡು ಮೂರು ಕಾಲಂಗಳೇ ಕಳ್ಳರು. ಉಳಿದ ಮೂವತ್ತು ಕಾಲಂ ಪಾಪ, ಸುಮ್ನೆ ಬೈಸಿಕೊಳ್ತಾ ಇರುತ್ತವೆ.

ಸ್ಟಾಕ್ ಫೈಲ್ ಅಂದ ತಕ್ಷಣ ನನ್ನ ಮೊದಲ ಅನುಮಾನ ಬ್ಯಾಲೆನ್ಸ್ ಕಾಲಂ ಮೇಲೆ. ಹೆಚ್ಚಿನವರು ಅದನ್ನು ಹೀಗೆ ಬರೆದಿರುತ್ತಾರೆ: ಮೊದಲ ಸಾಲಿನಿಂದ ಈ ಸಾಲಿನವರೆಗೆ ಬಂದ ಮಾಲೆಲ್ಲ ಕೂಡು, ಅದರಿಂದ ಮೊದಲ ಸಾಲಿನಿಂದ ಈ ಸಾಲಿನವರೆಗೆ ಹೋದ ಮಾಲೆಲ್ಲ ಕಳೆ. ನೋಡೋಕೆ ಚೆನ್ನಾಗಿದೆ, ಉತ್ತರವೂ ಸರಿ. ಆದರೆ ಲೆಕ್ಕ ಹಾಕಿ ನೋಡಿ. ಹತ್ತನೇ ಸಾಲಿನಲ್ಲಿ ಹತ್ತು ಸೆಲ್ ಕೂಡಬೇಕು. ನೂರನೇ ಸಾಲಿನಲ್ಲಿ ನೂರು. 40,000ನೇ ಸಾಲಿನಲ್ಲಿ 40,000. ಎಲ್ಲ ಸೇರಿಸಿದರೆ 80 ಕೋಟಿ ಸೆಲ್ ಓದಬೇಕು. ಬಂದದ್ದಕ್ಕೊಂದು, ಹೋದದ್ದಕ್ಕೊಂದು, ಒಟ್ಟು 160 ಕೋಟಿ! ಸಾಲು ಡಬಲ್ ಆದರೆ ಕೆಲಸ ಡಬಲ್ ಆಗಲ್ಲ, ನಾಲ್ಕು ಪಟ್ಟು ಆಗುತ್ತೆ. ಹೋದ ವರ್ಷ ಸರಿಯಾಗಿ ಓಡ್ತಿದ್ದ ಫೈಲ್ ಈ ವರ್ಷ ಇದ್ದಕ್ಕಿದ್ದಂತೆ ಸತ್ತು ಬಿತ್ತು ಅಂತ ಜನ ಹೇಳೋದು ಇದಕ್ಕೇ.

ನಮ್ಮ ಹಳೇ ಗುಮಾಸ್ತರು ಖಾತೆ ಪುಸ್ತಕದಲ್ಲಿ ಹೀಗೆ ಮಾಡ್ತಿದ್ರಾ? ಮೇಲಿನ ಸಾಲಿನ ಬಾಕಿ ನೋಡಿ, ಬಂದದ್ದು ಕೂಡಿಸಿ, ಹೋದದ್ದು ಕಳೆದು, ಕೆಳಗೆ ಬರೀತಿದ್ರು. ಪ್ರತಿ ಸಾಲಿಗೂ ಯುಗಾದಿಯಿಂದ ಶುರು ಮಾಡ್ತಿರಲಿಲ್ಲ. ಎಕ್ಸೆಲ್‌ನಲ್ಲೂ ಹಾಗೇ ಬರೆಯಿರಿ: ಮೇಲಿನ ಸೆಲ್‌ನ ಬ್ಯಾಲೆನ್ಸ್, ಪ್ಲಸ್ ಇನ್, ಮೈನಸ್ ಔಟ್. ಪ್ರತಿ ಸಾಲಿಗೆ ಮೂರೇ ಸೆಲ್. 40,000 ಸಾಲಿಗೆ 1,20,000. 160 ಕೋಟಿ ಎಲ್ಲಿ, ಒಂದು ಲಕ್ಷ ಚಿಲ್ಲರೆ ಎಲ್ಲಿ! ಐಟಂ ಐಟಂಗೆ ಬೇರೆ ಬ್ಯಾಲೆನ್ಸ್ ಬೇಕಾದರೆ ಮೊದಲು ಐಟಂ ಕೋಡ್, ಆಮೇಲೆ ತಾರೀಖಿನ ಪ್ರಕಾರ ಸಾರ್ಟ್ ಮಾಡಿ. ಮೇಲಿನ ಸಾಲಿನಲ್ಲಿ ಅದೇ ಕೋಡ್ ಇದ್ದರೆ ಮುಂದುವರಿಸು, ಬೇರೆ ಇದ್ದರೆ ಓಪನಿಂಗ್ ಸ್ಟಾಕ್‌ನಿಂದ ಹೊಸದಾಗಿ ಶುರು ಮಾಡು ಅಂತ ಒಂದು ಇಫ್ ಹಾಕಿದರೆ ಆಯ್ತು.

ಇದರಲ್ಲಿ ಒಂದು ತೊಂದರೆ ಇದೆ, ಮುಚ್ಚಿಡಲ್ಲ. ಮಧ್ಯದ ಒಂದು ಸಾಲನ್ನು ಯಾರಾದರೂ ಡಿಲೀಟ್ ಮಾಡಿದರೆ ಅದರ ಕೆಳಗಿನ ಬ್ಯಾಲೆನ್ಸ್‌ನಲ್ಲಿ ರೆಫ್ ಎರರ್ (ನೋಡಬೇಕಾದ ಸೆಲ್ಲೇ ಇಲ್ಲ ಅನ್ನುವ ದೂರು) ಬರುತ್ತೆ, ಅದು ಸರಪಳಿಯಂತೆ ಕೆಳಗಿನವರೆಗೂ ಹೋಗುತ್ತೆ. ಉದ್ದದ ಸಮ್ ಫಾರ್ಮುಲಾ ಜನರಿಗೆ ಇಷ್ಟ ಆಗೋದು ಈ ಕಾರಣಕ್ಕೇ. ಎರರ್ ಬಂದಾಗ ಮೇಲಿನ ಸಾಲಿನ ಫಾರ್ಮುಲಾವನ್ನು ಕೆಳಗೆ ಎಳೆದರೆ ಸರಿ ಹೋಗುತ್ತೆ. ಅಷ್ಟು ಕಷ್ಟಕ್ಕೆ ಈ ಲಾಭ ಬಹಳ ಜಾಸ್ತಿ.

ಎರಡನೇ ಕಳ್ಳ ವಿಲುಕಪ್, ಅಂದರೆ ಬೇರೆ ಪಟ್ಟಿಯಿಂದ ಹುಡುಕಿ ತರುವ ಫಂಕ್ಷನ್. ಬಿಲ್‌ನ ಪ್ರತಿ ಸಾಲಿಗೂ ಐಟಂ ಮಾಸ್ಟರ್‌ನಿಂದ (ಎಲ್ಲ ಐಟಂಗಳ ಮೂಲ ಪಟ್ಟಿ) ರೇಟು, ಎಚ್‌ಎಸ್‌ಎನ್ ಕೋಡ್, ಜಿಎಸ್‌ಟಿ ಪರ್ಸೆಂಟ್, ಬ್ರ್ಯಾಂಡ್, ರ್ಯಾಕ್ ನಂಬರ್ ಅಂತ ಐದು ಸಲ ಹುಡುಕಿಸ್ತೀರಿ, ಅಲ್ವಾ? ಇದು ಗೋಡೌನ್ ಹುಡುಗನನ್ನು ಒಂದೇ ಬ್ರೇಕ್ ಪ್ಯಾಡ್‌ಗಾಗಿ ಐದು ಸಲ ಓಡಿಸಿದ ಹಾಗೆ. ಮೊದಲ ಸಲ ರೇಟು ನೋಡಿಕೊಂಡು ಬಾ, ಎರಡನೇ ಸಲ ಬ್ರ್ಯಾಂಡ್ ನೋಡಿಕೊಂಡು ಬಾ. ಹುಡುಗ ಮಾರನೇ ದಿನದಿಂದ ಕೆಲಸಕ್ಕೇ ಬರಲ್ಲ.

ಮಾಸ್ಟರ್‌ನಲ್ಲಿ 12,000 ಐಟಂ ಇದೆ ಅಂದುಕೊಳ್ಳಿ. ಸರಿಯಾಗಿ ಹೊಂದುವ ಕೋಡೇ ಬೇಕು ಅಂದಾಗ ವಿಲುಕಪ್ ಮೇಲಿನಿಂದ ಒಂದೊಂದೇ ನೋಡ್ತಾ ಬರುತ್ತೆ. ಸರಾಸರಿ 6,000 ಸಾಲು ನೋಡಿದ ಮೇಲೆ ಸಿಗುತ್ತೆ. ಕೋಡ್ ಇಲ್ಲವೇ ಇಲ್ಲ ಅಂದರೆ 12,000ವನ್ನೂ ನೋಡಿಯೇ ಇಲ್ಲ ಅನ್ನುತ್ತೆ. ಪರಿಹಾರ: ಮ್ಯಾಚ್ ಫಂಕ್ಷನ್‌ಗೆ ಒಂದು ಕಾಲಂ ಕೊಡಿ. ಆ ಐಟಂ ಮಾಸ್ಟರ್‌ನಲ್ಲಿ ಎಷ್ಟನೇ ಸಾಲಿನಲ್ಲಿದೆ ಅಂತ ಅದು ಒಂದೇ ಸಲ ಹುಡುಕಿ ಇಡಲಿ. ಉಳಿದ ಐದೂ ಕಾಲಂಗಳು ಇಂಡೆಕ್ಸ್ ಫಂಕ್ಷನ್‌ನಲ್ಲಿ ಸೀದಾ ಆ ಸಾಲಿಗೆ ಹೋಗಿ ತರುತ್ತವೆ. ಹುಡುಕಾಟ ಐದರಲ್ಲಿ ಒಂದು ಪಾಲಿಗೆ ಇಳಿಯಿತು. 2018ರಲ್ಲಿ ಬಂದ ಆಫೀಸ್ 365ರ 1809 ವರ್ಷನ್‌ನಿಂದ ಈಚೆಗೆ, ಒಂದೇ ಟೇಬಲ್‌ನಲ್ಲಿ ಮತ್ತೆ ಮತ್ತೆ ಹುಡುಕುವ ಈ ಕೆಲಸವನ್ನು ಎಕ್ಸೆಲ್ ತಾನೇ ಜಾಣತನದಿಂದ ಮಾಡುತ್ತೆ. ಹಳೇ ವರ್ಷನ್ ಇಟ್ಟುಕೊಂಡಿರುವ ಅಂಗಡಿಗಳೇ ಜಾಸ್ತಿ ಇರೋದರಿಂದ ಹೇಳಿದೆ.

ಮಾಸ್ಟರ್ ಅನ್ನು ಕೋಡ್ ಪ್ರಕಾರ ಸಾರ್ಟ್ ಮಾಡಿಟ್ಟು, ಮ್ಯಾಚ್‌ನ ಕೊನೆಯಲ್ಲಿ 0 ಬದಲು 1 ಹಾಕಿದರೆ ಇನ್ನೂ ದೊಡ್ಡ ಲಾಭ ಇದೆ. ನಿಘಂಟಿನಲ್ಲಿ ಪದ ಹುಡುಕುವಾಗ ಮಧ್ಯಕ್ಕೆ ತೆರೆದು, ಮುಂದೆಯೋ ಹಿಂದೆಯೋ ಅಂತ ನೋಡ್ತೀವಲ್ಲ, ಹಾಗೆ ಹುಡುಕುತ್ತೆ. 12,000 ಐಟಂಗೆ 14 ಸಲ ನೋಡಿದರೆ ಮುಗೀತು. ಆದರೆ ಈ ವಿಧಾನ ಅಪಾಯದ್ದು. ಸಾರ್ಟ್ ತಪ್ಪಿದ್ದರೆ ಎರರ್ ಕೊಡಲ್ಲ, ತಪ್ಪು ರೇಟನ್ನೇ ನಗುನಗುತ್ತಾ ಕೊಡುತ್ತೆ. ಸಿಕ್ಕಿದ ಸಾಲಿನ ಕೋಡ್ ನಾನು ಕೇಳಿದ ಕೋಡೇ ಹೌದಾ ಅಂತ ಹೋಲಿಸಿ ನೋಡುವ ಇಫ್ ಹಾಕದೆ ಇದನ್ನು ಬಳಸಲೇಬೇಡಿ.

ಇನ್ನು ಬಾಕಿ ಶೀಟ್. ಯಾರ ಬಿಲ್ ಎಷ್ಟು ದಿನದಿಂದ ಬಾಕಿ ಅಂತ ನೋಡೋಕೆ ಪ್ರತಿ ಸಾಲಿನಲ್ಲೂ ಇವತ್ತಿನ ತಾರೀಖು ಕೊಡುವ ಟುಡೇ ಫಂಕ್ಷನ್ ಇರುತ್ತೆ. ಎಕ್ಸೆಲ್ ಸಾಮಾನ್ಯವಾಗಿ ಬುದ್ಧಿವಂತ. ನೀವು ಬದಲಾಯಿಸಿದ ಸೆಲ್, ಅದನ್ನು ನಂಬಿಕೊಂಡ ಸೆಲ್‌ಗಳು, ಇಷ್ಟನ್ನೇ ಮತ್ತೆ ಲೆಕ್ಕ ಮಾಡುತ್ತೆ. ಟುಡೇ, ನೌ, ರ್ಯಾಂಡ್, ಆಫ್‌ಸೆಟ್, ಇಂಡೈರೆಕ್ಟ್ ಇವುಗಳಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಗ್ರಾಹಕರ ಫೋನ್ ನಂಬರ್ ತಿದ್ದಿದರೂ ಇವು ಎದ್ದು ಕೂರುತ್ತವೆ, ತಮ್ಮನ್ನು ನಂಬಿದವರನ್ನೂ ಎಬ್ಬಿಸುತ್ತವೆ. ಟುಡೇಯನ್ನು ಒಂದೇ ಸೆಲ್‌ನಲ್ಲಿಟ್ಟು ಎಲ್ಲರೂ ಅದನ್ನು ನೋಡುವಂತೆ ಮಾಡಿ ಅಂತ ಕೆಲವರು ಹೇಳ್ತಾರೆ. ಅದು ಸಾಲದು. ಆ ಒಂದು ಸೆಲ್ ಎದ್ದರೆ ಅದನ್ನು ನೋಡುವ 40,000 ಸೆಲ್ಲೂ ಏಳುತ್ತವೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ ಒಂದು ಸೆಲ್‌ನಲ್ಲಿ ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿ. ಇವತ್ತಿನ ತಾರೀಖು ಬರೀ ನಂಬರ್ ಆಗಿ ಕೂರುತ್ತೆ. ಬಾಕಿ ಫಾರ್ಮುಲಾಗಳು ಟುಡೇ ಬದಲು ಆ ಸೆಲ್ ನೋಡಲಿ. ದಿನಕ್ಕೆ ಒಂದು ಸಲ ಲೆಕ್ಕ, ಮುಗೀತು. ಊದಿನಕಡ್ಡಿ ಹಚ್ಚುವಾಗ ಇದನ್ನೂ ಮಾಡಿಬಿಡಿ.

ಇಷ್ಟು ಓದಿ ನಿಮ್ಮ ಮಗ ಹೇಳಬಹುದು: ಕ್ಯಾಲ್ಕ್ಯುಲೇಶನ್ ಆಪ್ಷನ್ಸ್‌ನಲ್ಲಿ ಮ್ಯಾನುಯಲ್ ಮಾಡಿದರೆ ಆಯ್ತಲ್ಲ, ಬೇಕಾದಾಗ ಎಫ್9 ಒತ್ತೋಣ ಅಂತ. ಸರಿ, ಅದರಿಂದ ಆ ಕ್ಷಣದ ಕಾಟ ತಪ್ಪುತ್ತೆ. ನಾನೂ ಹಾಗೇ ಮಾಡಿಕೊಂಡಿದ್ದೆ. ಒಂದು ಸಂಜೆ ಗ್ರಾಹಕರೊಬ್ಬರಿಗೆ ಕೊಟೇಶನ್ ಕಳಿಸಬೇಕಿತ್ತು. ಹೊಸ ರೇಟು ಹಾಕಿದೆ, ಪ್ರಿಂಟ್ ಕೊಟ್ಟೆ, ಕಳಿಸಿದೆ. ಎಫ್9 ಒತ್ತಿರಲಿಲ್ಲ. ಕೆಳಗೆ ಎಡಗಡೆ ಮೂಲೆಯಲ್ಲಿ ಕ್ಯಾಲ್ಕ್ಯುಲೇಟ್ ಅಂತ ಸಣ್ಣಗೆ ಬರೆದಿತ್ತು, ಯಾರು ನೋಡ್ತಾರೆ? ಟೋಟಲ್ ಹಳೇ ರೇಟಿಂದೇ ಹೋಯ್ತು. ಫೋನ್ ಮಾಡಿ ಕ್ಷಮೆ ಕೇಳಿ ತಿದ್ದಿಸಿಕೊಂಡೆ, ಅವರು ಒಳ್ಳೆಯವರು. ಇನ್ನೊಂದು ವಿಷಯ: ಈ ಮ್ಯಾನುಯಲ್ ಅಂಟುರೋಗ. ನೀವು ಮೊದಲು ತೆರೆದ ಫೈಲ್ ಮ್ಯಾನುಯಲ್‌ನಲ್ಲಿದ್ದರೆ ಆಮೇಲೆ ತೆರೆದ ಫೈಲ್‌ಗಳೂ ಮ್ಯಾನುಯಲ್ ಆಗೇ ಓಡುತ್ತವೆ. ಪಕ್ಕದ ಸಂಬಳದ ಶೀಟ್ ಲೆಕ್ಕ ಮಾಡದೆ ಸುಮ್ನೆ ಕೂತಿರುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ಮುಗಿದ ವರ್ಷದ ಲೆಕ್ಕಕ್ಕೆ ಫಾರ್ಮುಲಾ ಯಾಕೆ? ಮಾರ್ಚ್ ಕ್ಲೋಸ್ ಆಗಿ ಆಡಿಟರ್ ಸಹಿ ಬಿದ್ದ ಮೇಲೆ ಆ ಸಾಲುಗಳು ಬದಲಾಗಲ್ಲ. ವ್ಯಾಲ್ಯೂಸ್ ಆಗಿ ಪೇಸ್ಟ್ ಮಾಡಿ, ಮೊದಲ ಸಾಲಿನ ಫಾರ್ಮುಲಾ ಮಾತ್ರ ನೆನಪಿಗೆ ಬಿಡಿ. ಜಾಸ್ತಿ ಬಣ್ಣ ಬದಲಾಯಿಸುವ ಕಂಡೀಷನಲ್ ಫಾರ್ಮ್ಯಾಟಿಂಗ್ ಇದ್ದರೆ ಅದನ್ನೂ ಕಡಿಮೆ ಮಾಡಿ, ಸ್ಕ್ರೋಲ್ ಮಾಡಿದಾಗಲೂ ಅದು ಕೆಲಸ ಮಾಡ್ತಾ ಇರುತ್ತೆ. ಕಂಟ್ರೋಲ್ ಮತ್ತು ಎಂಡ್ ಒತ್ತಿದರೆ ಡೇಟಾ ಮುಗಿದು ಎಷ್ಟೋ ಕೆಳಗೆ ಹೋಗಿ ನಿಲ್ಲುತ್ತಾ? ಹಾಗಾದರೆ ಮಧ್ಯದ ಖಾಲಿ ಸಾಲುಗಳನ್ನು ಡಿಲೀಟ್ ಮಾಡಿ ಸೇವ್ ಮಾಡಿ. ಫೈಲ್ ತೆರೆಯೋಕೇ ತಡ ಅನ್ನೋದಾದರೆ ಸೇವ್ ಆ್ಯಸ್‌ನಲ್ಲಿ ಎಕ್ಸೆಲ್ ಬೈನರಿ ವರ್ಕ್‌ಬುಕ್ ಆರಿಸಿ, ಬೇಗ ತೆರೆಯುತ್ತೆ.

ಹಳೇ ಎಕ್ಸ್‌ಎಲ್‌ಎಸ್ ಫೈಲ್ ಮಾತ್ರ ಬೇಡವೇ ಬೇಡ. ಅದರಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯಲ್ಲ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಸುಮಾರು 16,000 ಕೋವಿಡ್ ಕೇಸ್‌ಗಳು ಲೆಕ್ಕಕ್ಕೆ ಬರದೆ ಹೋದದ್ದು ಇದೇ ಹಳೇ ಫೈಲ್‌ನ ಮಿತಿಯಿಂದ. ದೊಡ್ಡವರ ಮನೆಯ ದೋಸೆಯೂ ತೂತೇ.

ಈಗ ದುಡ್ಡಿನ ವಿಷಯ. ಇಷ್ಟೆಲ್ಲ ಮಾಡಿಯೂ ನಿಧಾನ ಇದ್ದರೆ ಮೊದಲು ಬಿಟ್ಟಿ ಸಿಗುವುದನ್ನು ನೋಡಿ. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ತೆರೆದರೆ 32 ಬಿಟ್ ಅಥವಾ 64 ಬಿಟ್ ಅಂತ ಕಾಣುತ್ತೆ. 32 ಬಿಟ್ ಎಕ್ಸೆಲ್‌ಗೆ ಕಂಪ್ಯೂಟರ್‌ನಲ್ಲಿ 32 ಜಿಬಿ ರ್ಯಾಮ್ ಹಾಕಿದರೂ 4 ಜಿಬಿಗಿಂತ ಜಾಸ್ತಿ ಮುಟ್ಟೋಕಾಗಲ್ಲ. ರ್ಯಾಮ್ ಹಾಕಿಸಿ ಲಾಭ ಆಗಲಿಲ್ಲ ಅಂತ ಗೋಳಾಡುವವರಲ್ಲಿ ಕೆಲವರ ಕಥೆ ಇದೇ. ಇನ್ನು ಅಂಗಡಿಯವರು ಹದಿನಾರು ಕೋರ್ ಪ್ರೊಸೆಸರ್ ಅಂತ ಆಸೆ ತೋರಿಸ್ತಾರೆ. ನಿಮ್ಮ ಫೈಲ್ ಮ್ಯಾಕ್ರೋ (ಎಕ್ಸೆಲ್ ಒಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂ) ಮೇಲೆ ನಡೀತಿದ್ದರೆ, ಅದನ್ನು ಬರೆಯುವ ಭಾಷೆ ವಿಬಿಎ ಒಂದೇ ಕೋರ್‌ನಲ್ಲಿ ಓಡುತ್ತೆ, ಉಳಿದ ಹದಿನೈದು ಕೋರ್ ಕಟ್ಟೆ ಮೇಲೆ ಕೂತು ಹರಟೆ ಹೊಡೀತಾ ಇರುತ್ತವೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸೋದು ಒಳ್ಳೇದು, ಆದರೆ ಅದರಿಂದ ಫೈಲ್ ತೆರೆಯೋದು ಬೇಗ ಆಗುತ್ತೆ, ಲೆಕ್ಕ ಅಲ್ಲ.

ಕ್ಲೌಡ್ ಬಗ್ಗೆ ಮಗನಿಗೆ ಒಂದು ಮಾತು. ಅಲ್ಲಿ ಬಾಡಿಗೆ ಗಂಟೆ ಲೆಕ್ಕ. ತಿಂಗಳಿಗೆ 720 ಗಂಟೆ. ನಿಮ್ಮ ಅಂಗಡಿ ದಿನಕ್ಕೆ 8 ಗಂಟೆ, 26 ದಿನ ಅಂದರೆ 208 ಗಂಟೆ. ಮಷಿನ್ ಆಫ್ ಮಾಡದೆ ಮನೆಗೆ ಹೋದರೆ ಬಿಲ್‌ನ ಮುಕ್ಕಾಲು ಪಾಲಿನ ಹತ್ತಿರ ನಿದ್ದೆಗೆ ಕಟ್ಟಿದ ಹಾಗೆ. ಆಫ್ ಮಾಡೋದರಲ್ಲೂ ಒಂದು ಗುಟ್ಟಿದೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ವಿಂಡೋಸ್ ಒಳಗಿನ ಶಟ್‌ಡೌನ್ ಒತ್ತಿದರೆ ಮೀಟರ್ ನಿಲ್ಲಲ್ಲ. ಅವರ ಪೋರ್ಟಲ್‌ಗೆ ಹೋಗಿ ಸ್ಟಾಪ್ ಕೊಟ್ಟು, ಡೀಅಲೊಕೇಟೆಡ್ (ಮಷಿನ್ ಪೂರ್ತಿ ಬಿಟ್ಟುಕೊಟ್ಟಾಯ್ತು) ಅಂತ ತೋರಿಸುವವರೆಗೂ ಬಾಡಿಗೆ ಓಡ್ತಾನೇ ಇರುತ್ತೆ. ಆಮೇಲೂ ಡಿಸ್ಕ್ ಬಾಡಿಗೆ ಬರ್ತಾನೇ ಇರುತ್ತೆ.

ಭಾನುವಾರ ತಿದ್ದಿದ ಫೈಲ್‌ಗೆ ಸೋಮವಾರವೇ ಹಾರಬೇಡಿ. ಒಂದು ತಿಂಗಳು ಹಳೇದನ್ನೂ ಹೊಸದನ್ನೂ ಜೊತೆಗಿಟ್ಟುಕೊಳ್ಳಿ. ಪ್ರತಿ ಶನಿವಾರ ಕ್ಲೋಸಿಂಗ್ ಸ್ಟಾಕ್, ಒಟ್ಟು ಬಾಕಿ ಎರಡನ್ನೂ ತಾಳೆ ನೋಡಿ. ಎಲ್ಲಾದರೂ ವ್ಯತ್ಯಾಸ ಬಂದರೆ ಹೊಸ ಫಾರ್ಮುಲಾವನ್ನೇ ಬೈಯಬೇಡಿ. ಎಷ್ಟೋ ಸಲ ತಪ್ಪು ಹಳೇ ಫೈಲ್‌ನಲ್ಲಿ ವರ್ಷಗಟ್ಟಲೆ ಕೂತಿರುತ್ತೆ, ಅರ್ಧ ನಿಮಿಷ ಕಾದು ಸುಸ್ತಾದವರು ಅದನ್ನು ನೋಡಿರಲ್ಲ.